ಮಾಸಾಶನವೂ ಕಾಲಹರಣವೂ

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಕಷ್ಟದಲ್ಲಿ ಧೈರ್ಯಗುಂದಿದವನಿಗೆ ಹಿರಿಯರು ಹೇಳಿದ ಹಿತವಚನವದು. ಆದರೆ ಕಚೇರಿಯ ಬಾಗಿಲಿಗೆ ತೂಗಹಾಕುವುದಕ್ಕಾಗಿ ಅವರು ಅದನ್ನು ಹೇಳಿರಲಿಲ್ಲ. ಕೊಡಬೇಕಾದವನೇ ಪಡೆಯಬೇಕಾದವನಿಗೆ ತಾಳ್ಮೆಯನ್ನು ಬೋಧಿಸತೊಡಗಿದರೆ, ಅದು ಸಾಲ ತೆಗೆದುಕೊಂಡವನು ಸಾಲ ಕೊಟ್ಟವನಿಗೆ ವೈರಾಗ್ಯವನ್ನು ಉಪದೇಶಿಸಿದಂತಾಗುವುದು. ಅಂಗವಿಕಲರ ಮಾಸಾಶನದ ವಿಷಯದಲ್ಲಿ ನಡೆಯುತ್ತಿರುವುದು ಈ ಬಗೆಯ ಉಪದೇಶವೇ.

ಮಾಸಾಶನವು ಸಾಲವೇ, ದಾನವೇ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವು ರಾಜ್ಯಾಂಗದಲ್ಲಿಯೇ ಇದೆ. ನಿರುದ್ಯೋಗ, ಮುಪ್ಪು, ವ್ಯಾಧಿ, ಅಂಗವೈಕಲ್ಯಗಳಲ್ಲಿ ಪ್ರಜೆಗೆ ಸಾರ್ವಜನಿಕ ನೆರವು ದೊರೆಯುವಂತೆ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಏರ್ಪಡಿಸಬೇಕೆಂದು 41ನೆಯ ಅನುಚ್ಛೇದವು ವಿಧಿಸಿದೆ. 1995ರ ಕಾನೂನು 7 ಬಗೆಯ ವೈಕಲ್ಯಗಳನ್ನು ಮಾತ್ರ ಎಣಿಸಿದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾನೂನು 21 ಬಗೆಗಳನ್ನು ಎಣಿಸಿತು. ಇತರರ ಯೋಜನೆಗಳಿಗಿಂತ ಅಂಗವಿಕಲರಿಗೆ ನೂರಕ್ಕೆ 25ರಷ್ಟಾದರೂ ಹೆಚ್ಚು ನೆರವು ಸಲ್ಲಬೇಕೆಂದೂ ನುಡಿಯಿತು. ಆ ಕಾನೂನಿನ ಹೆಸರಿನಲ್ಲಿಯೇ ಹಕ್ಕೆಂಬ ಮಾತಿದೆ, ದಾನವೆಂಬ ಮಾತಿಲ್ಲ. 2011ರ ಜನಗಣತಿಯು ಕರ್ನಾಟಕವೊಂದರಲ್ಲಿಯೇ 13 ಲಕ್ಷ 24 ಸಾವಿರಕ್ಕೆ ಮಿಕ್ಕ ಅಂಗವಿಕಲರನ್ನು ಲೆಕ್ಕಹಾಕಿತು. ಆದುದರಿಂದ ಇದು ಎಲ್ಲೋ ಒಂದೆರಡು ಮನೆಗಳ ದುಃಖವಲ್ಲ.

ಇನ್ನು ಅರ್ಜಿಯ ದಾರಿಯನ್ನು ನೋಡೋಣ. ಅಡಕೆಯ ಮರದಿಂದ ಬಿದ್ದು ಕಾಲಿನ ಶಕ್ತಿಯನ್ನು ಕಳೆದುಕೊಂಡ ಕೂಲಿಯವನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮೊದಲು ಅವನ ವೈಕಲ್ಯವು ನೂರಕ್ಕೆ ಎಷ್ಟೆಂದು ವೈದ್ಯರು ಅಳೆದು ಪ್ರಮಾಣಪತ್ರ ಕೊಡಬೇಕು. ಅದಕ್ಕಾಗಿ ಗೊತ್ತಾದ ದಿನ ಆಸ್ಪತ್ರೆಗೆ ಹೋಗಬೇಕು. ನಡೆಯಲಾರದವನು ಆಟೋವನ್ನು ಬಾಡಿಗೆಗೆ ಹಿಡಿಯಬೇಕು; ಜೊತೆಗೆ ಹೋಗುವ ಹೆಂಡತಿಯು ಆ ದಿನದ ಕೂಲಿಯನ್ನು ಬಿಡಬೇಕು. ವೈದ್ಯರು ಬಾರದಿದ್ದರೆ ಇನ್ನೊಂದು ದಿನ, ಇನ್ನೊಂದು ಬಾಡಿಗೆ. ಪ್ರಮಾಣಪತ್ರವು ಕೈಸೇರಿದಮೇಲೆ ನಾಡಕಚೇರಿ. ಅಲ್ಲಿಂದ ಗ್ರಾಮದ ಅಧಿಕಾರಿ, ಕಂದಾಯ ನಿರೀಕ್ಷಕ, ತಹಸೀಲ್ದಾರ ಎಂದು ಕಾಗದವು ಮೆಟ್ಟಿಲುಮೆಟ್ಟಿಲಾಗಿ ಏರುವುದು. ಏರಿದ ಕಾಗದವು ಯಾವ ಮೆಟ್ಟಿಲಿನಲ್ಲಿ ಕುಳಿತಿದೆಯೆಂದು ತಿಳಿಯಲು ಕಾಲಿಲ್ಲದವನೇ ಅದರ ಹಿಂದೆ ಓಡಾಡಬೇಕು. ಕರ್ನಾಟಕದಲ್ಲಿ ಮಾಸಾಶನದ ಕೆಳಗಿನ ದರವನ್ನು 2021ರಲ್ಲಿ 600 ರೂಪಾಯಿಗಳಿಂದ 800ಕ್ಕೆ ಏರಿಸಲಾಯಿತು. ಆ ದರದಲ್ಲಿಯೇ ಎಣಿಸಿದರೂ ಆರು ತಿಂಗಳ ವಿಳಂಬವೆಂದರೆ 4,800 ರೂಪಾಯಿ. ಬಡವನ ಮನೆಯಲ್ಲಿ ಅದು ಅಕ್ಕಿ, ಔಷಧ, ಮಗುವಿನ ಪುಸ್ತಕ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಮಾತು ಸುಮ್ಮನೆ ಹುಟ್ಟಲಿಲ್ಲ.

ಕಾನೂನಿಗೆ ಗಡಿಯಾರವೇ ಇಲ್ಲವೆನ್ನುವಂತಿಲ್ಲ. ಆದರೆ ಆ ಗಡಿಯಾರದ ಮುಳ್ಳು ಯಾರ ಕಡೆಗೆ ಚುಚ್ಚುವುದೆಂಬುದನ್ನು ವಿಚಾರಿಸಬೇಕು. 2017ರ ನಿಯಮಗಳು ಪ್ರಮಾಣಪತ್ರ ಕೊಡಲು ಒಂದು ತಿಂಗಳ ಅವಧಿಯನ್ನು ಗೊತ್ತುಮಾಡಿದ್ದವು. 2024ರ ತಿದ್ದುಪಡಿಯು ಅದನ್ನು ಮೂರು ತಿಂಗಳಿಗೆ ಹಿಗ್ಗಿಸಿತು. ಅಷ್ಟೇ ಅಲ್ಲ, ಎರಡು ವರ್ಷ ಕಳೆದರೂ ವೈದ್ಯಾಧಿಕಾರಿಯು ತೀರ್ಮಾನಿಸದ ಅರ್ಜಿಯು ನಿಷ್ಕ್ರಿಯವಾಗುವುದೆಂದೂ, ಅರ್ಜಿದಾರನು ಮತ್ತೆ ಅರ್ಜಿ ಹಾಕಬೇಕು ಅಥವಾ ಹಳೆಯದಕ್ಕೆ ಜೀವ ಕೊಡುವಂತೆ ಕೇಳಿಕೊಳ್ಳಬೇಕೆಂದೂ ಅದೇ ತಿದ್ದುಪಡಿಯು ಹೇಳಿತು. ತಪ್ಪು ಯಾರದು, ದಂಡ ಯಾರಿಗೆ? ನಿದ್ರೆಹೋದವನು ಒಬ್ಬ, ಎಚ್ಚರವಿದ್ದವನೇ ಮೊದಲಿನಿಂದ ಎಣಿಸಬೇಕಾದುದು ಇದೆಂತಹ ನ್ಯಾಯ?

ರಾಜ್ಯದ ಸಕಾಲ ಕಾನೂನಿನ ಬಲವಿದೆಯಲ್ಲವೇ ಎನ್ನಬಹುದು. 2011ರ ಆ ಕಾನೂನು ಸೇವೆಗಳಿಗೆ ಅವಧಿಯನ್ನು ಕಟ್ಟಿ, ತಡಮಾಡಿದ ದಿನವೊಂದಕ್ಕೆ 20 ರೂಪಾಯಿಯಂತೆ ಪ್ರಜೆಗೆ ಪರಿಹಾರ ಕೊಡತಕ್ಕದ್ದೆಂದು ವಿಧಿಸಿದುದು ಶ್ಲಾಘ್ಯವೇ. ಆದರೆ ಅದರ ಮೇಲ್ಮಿತಿಯು 500 ರೂಪಾಯಿ. ಭಾಗಿಸಿ ನೋಡಿದರೆ 25 ದಿನ. ಇಪ್ಪತ್ತಾರನೆಯ ದಿನದಿಂದ ವಿಳಂಬವು ಪುಕ್ಕಟೆ! ಇನ್ನೊಂದು ಕಡೆಯನ್ನೂ ನೋಡಬೇಕು. ಆದಾಯ ತೆರಿಗೆಯನ್ನು ಹೆಚ್ಚಾಗಿ ಕಟ್ಟಿದವನಿಗೆ ಹಣವನ್ನು ಹಿಂದಿರುಗಿಸುವಾಗ ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿಯಂತೆ ಬಡ್ಡಿ ಕೊಡಬೇಕೆಂದು 1961ರ ಕಾನೂನು ವಿಧಿಸಿತ್ತು. ಅಂದರೆ, ಪ್ರಜೆಯ ಹಣವನ್ನು ಇಟ್ಟುಕೊಂಡ ಕಾಲಕ್ಕೆ ಬೆಲೆಯುಂಟೆಂಬುದನ್ನು ಸರ್ಕಾರವು ಅರಿಯದುದಲ್ಲ. ಉಳ್ಳವನ ಕಾಲಕ್ಕೆ ಬಡ್ಡಿ, ಇಲ್ಲದವನ ಕಾಲಕ್ಕೆ ಬರಿಯ ಗಾದೆ.

ಇದಕ್ಕೆ ಎರಡು ಆಕ್ಷೇಪಗಳುಂಟು. ಸುಳ್ಳು ಪ್ರಮಾಣಪತ್ರಗಳ ಹಾವಳಿಯಿರುವುದರಿಂದ ಎಚ್ಚರಿಕೆ ಬೇಕೆಂಬುದು ಮೊದಲನೆಯದು. ಎಚ್ಚರಿಕೆ ಬೇಕು ನಿಜ; ಆದರೆ ವಿಳಂಬವು ಎಚ್ಚರಿಕೆಯಲ್ಲ. ಮೇಜಿನ ಮೇಲೆ ಮಲಗಿದ ಕಾಗದವು ಯಾವ ಸುಳ್ಳನ್ನೂ ಪತ್ತೆಮಾಡುವುದಿಲ್ಲ. ಮೋಸಗಾರನಿಗೆ ದಲ್ಲಾಳಿಯಿದ್ದಾನೆ, ಬೇರೆ ಜೀವನೋಪಾಯವಿದೆ, ಅವನು ಕಾಯಬಲ್ಲನು. ಕಾಯಲಾರದವನು ನಿಜವಾದ ಅಂಗವಿಕಲನೊಬ್ಬನೇ. ಬೊಕ್ಕಸದಲ್ಲಿ ಹಣವಿಲ್ಲ, ಆಸ್ಪತ್ರೆಯಲ್ಲಿ ವೈದ್ಯರಿಲ್ಲವೆಂಬುದು ಎರಡನೆಯದು. ಆರ್ಥಿಕ ಶಕ್ತಿಯ ಮಿತಿಯು ಕೊಡುವ ಮೊತ್ತಕ್ಕೆ ಅನ್ವಯಿಸಬಹುದು. ಕೊಡುವ ಉತ್ತರಕ್ಕೆ ಅನ್ವಯಿಸದು. ವೈದ್ಯರ ಕೊರತೆ ನಿಜವಾಗಿದ್ದರೆ ಅದರ ಭಾರವನ್ನು ಕಾಲಿಲ್ಲದವನ ಹೆಗಲಿಗೇರಿಸುವುದು ಪರಿಹಾರವಾಗದು.

ಹಾಗಾದರೆ ಆಗಬೇಕಾದುದೇನು? ಮಂಜೂರಾತಿಯು ಎಂದೇ ಬರಲಿ, ಮಾಸಾಶನವನ್ನು ಅರ್ಜಿ ಕೊಟ್ಟ ದಿನದಿಂದಲೇ ಎಣಿಸತಕ್ಕದ್ದು. ವಿಳಂಬದ ಪರಿಹಾರಕ್ಕೆ ಮೇಲ್ಮಿತಿಯಿರಬಾರದು. ಕೇಳದೆಯೇ ಅದು ಅರ್ಜಿದಾರನ ಖಾತೆಗೆ ಸೇರಬೇಕು. ಕಚೇರಿಯ ಮೌನದಿಂದ ಯಾವ ಅರ್ಜಿಯೂ ಸಾಯಬಾರದು; ಅವಧಿ ಮೀರಿದರೆ ತೀರ್ಮಾನವಾಗುವವರೆಗೆ ತಾತ್ಕಾಲಿಕ ಮಾಸಾಶನವು ಆರಂಭವಾಗಬೇಕು. ಹೀಗಾದರೆ ಕಾಯುವಿಕೆಯ ವೆಚ್ಚವು ಕಾಯಿಸುವವನ ಮೇಲೆಯೇ ಬೀಳುವುದು; ಆಗ ಕಾಗದಗಳಿಗೆ ತಾವಾಗಿಯೇ ಕಾಲು ಬರುವುವು.

ಅದುವರೆಗೆ ವಿದ್ಯಾವಂತರ ಮನೆಗಳಿಗೂ ಒಂದು ಕರ್ತವ್ಯವಿದೆ. ನೆರೆಯ ಅಂಗವಿಕಲನಿಗೆ ಹಬ್ಬದ ದಿನ ಒಂದು ಊಟವಿಕ್ಕಿ ತೃಪ್ತರಾಗುವುದಕ್ಕಿಂತ, ಅವನ ಅರ್ಜಿಗೆ ತಾರೀಖು ಹಾಕಿದ ಸ್ವೀಕೃತಿಯನ್ನು ಕೇಳಿ ಪಡೆಯುವುದೂ, ಅವಧಿ ಮೀರಿದೊಡನೆ ಮೇಲ್ಮನವಿಯನ್ನು ಬರೆದುಕೊಡುವುದೂ ಹಿರಿದಾದ ಉಪಕಾರ. ಅಂಗವೈಕಲ್ಯವಿಲ್ಲವೆಂದು ತೀರ್ಮಾನಿಸಿದರೆ ಅದನ್ನು ಲಿಖಿತವಾಗಿ ತಿಳಿಸಬೇಕೆಂದು 2016ರ ಕಾನೂನೇ ಹೇಳುವುದು. ಆ ತೀರ್ಮಾನದ ಮೇಲೆ ಮೇಲ್ಮನವಿಗೂ ಅವಕಾಶ ಕೊಟ್ಟಿರುವುದು. ಇಲ್ಲವೆಂದವನೊಡನೆ ವಾದಿಸಬಹುದು. ಏನನ್ನೂ ಹೇಳದವನೊಡನೆ ವಾದಿಸುವುದು ಹೇಗೆ? ಆದುದರಿಂದಲೇ ಕಚೇರಿಯ ಮೌನವನ್ನು ಬರಿಯ ತಡವೆಂದು ಕರೆಯಲಾಗದು. ಅದು ಕಾರಣವನ್ನು ಬರೆಯದೆ, ಸಹಿಯನ್ನು ಹಾಕದೆ, ದಿನದಿನವೂ ಹೊರಡುತ್ತಿರುವ ನಿರಾಕರಣದ ಆಜ್ಞೆ.