ಪೆಟ್ಟಿಗೆ ಒಂದು, ಆಯುಷ್ಯ ಹಲವು

ಆಟವಾಡುವ ಕಂಪ್ಯೂಟರನ್ನು ಅಂಗಡಿಯಿಂದ ತಯಾರಾದದ್ದು ತರದೆ, ಬಿಡಿಭಾಗ ಆರಿಸಿ ತಂದು ಮನೆಯಲ್ಲೇ ಜೋಡಿಸಬೇಕೆಂಬ ಹುಚ್ಚು ನಮ್ಮ ಕಾಲೇಜಿನ ಹುಡುಗರಿಗೆ ಹಿಡಿದಿದೆ. ಕ್ಯಾಂಟೀನಿನಲ್ಲಿ ಅದೇ ಮಾತು, ಲೋಕಲ್ ರೈಲಿನ ಬಾಗಿಲಲ್ಲಿ ಅದೇ ಮಾತು. ನಮ್ಮ ಸಂಘದ ಕೂಟದಲ್ಲೂ ಕವನವಾಚನ ಶುರುವಾಗುವ ತನಕ ಹಿಂದಿನ ಬೆಂಚಿನಲ್ಲಿ ನಡೆಯುವುದು ಗ್ರಾಫಿಕ್ಸ್ ಕಾರ್ಡಿನ ಚರ್ಚೆಯೇ. ಸಾಹಿತ್ಯ ಸಂಘದ ಪತ್ರಿಕೆಗೂ ಇದಕ್ಕೂ ಎಂತ ಸಂಬಂಧ ಎಂದು ಯಾರಾದರೂ ಕೇಳಿಯಾರು. ಸಂಬಂಧ ಇದೆ. ನಮ್ಮಂಥ ಮನೆಗಳ ಹುಡುಗರು ಜೀವನದಲ್ಲಿ ಮೊದಲ ಬಾರಿ ನಲವತ್ತು ಐವತ್ತು ಸಾವಿರ ರೂಪಾಯಿಯನ್ನು ತಮ್ಮದೇ ಬುದ್ಧಿಯಿಂದ ಖರ್ಚು ಮಾಡುವುದು ಇಂಥ ಒಂದು ಸಂದರ್ಭದಲ್ಲಿ. ಆ ಹಣ ಟ್ಯೂಷನ್ ಹೇಳಿ ಕೂಡಿಸಿದ್ದೋ, ಅಪ್ಪನ ಹೋಟೆಲ್ ಸಂಬಳದಿಂದ ಉಳಿಸಿದ್ದೋ ಆಗಿರುತ್ತದೆ. ಅದು ಹೇಗೆ ಹೋಗುತ್ತದೆ ಎಂಬುದರ ಬಗ್ಗೆ ನಾಲ್ಕು ಮಾತು ಕನ್ನಡದಲ್ಲಿ ಬರೆದರೆ ತಪ್ಪಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಕಾಲ ಬಾಳುವ ಭಾಗದಲ್ಲಿ ಜಿಪುಣತನ ಬೇಡ. ಬೇಗ ಹಳತಾಗುವ ಭಾಗಕ್ಕೆ ಸಾಲ ಬೇಡ. ಗ್ರಾಫಿಕ್ಸ್ ಕಾರ್ಡಿಗೆ ಹಣ ಸಾಲದಿದ್ದರೆ ಅದನ್ನು ಬಿಟ್ಟೇ ಪೆಟ್ಟಿಗೆ ಕಟ್ಟಿ, ಕಾರ್ಡನ್ನು ಮುಂದಿನ ವರ್ಷ ಕೊಳ್ಳಿ. ಗೆಳೆಯರಿಗೆ ಈ ಮಾತು ರುಚಿಸುವುದಿಲ್ಲ ಅಂತ ಗೊತ್ತು. ಆದರೂ ಲೆಕ್ಕ ನೋಡೋಣ.

ನಾನು ವಾಣಿಜ್ಯದ ವಿದ್ಯಾರ್ಥಿ. ಸವಕಳಿ ಎಂಬ ಪಾಠ ನಮಗೆಲ್ಲ ಆಗಿದೆ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಮುಂತಾದ ಯಂತ್ರಗಳ ಉಪಯುಕ್ತ ಆಯುಷ್ಯ 3 ವರ್ಷ ಎಂದು ಹಾಕಿದ್ದಾರೆ; ಸರ್ವರ್‌ಗಳಿಗೆ 6 ವರ್ಷ. ಅದೇ ಅನುಸೂಚಿಯಲ್ಲಿ ಇನ್ನೊಂದು ಮಾತೂ ಇದೆ. ಒಂದು ಆಸ್ತಿಯ ಯಾವುದಾದರೂ ಭಾಗದ ಬೆಲೆ ಗಣನೀಯವಾಗಿದ್ದು, ಆ ಭಾಗದ ಆಯುಷ್ಯ ಉಳಿದದ್ದಕ್ಕಿಂತ ಬೇರೆಯಾಗಿದ್ದರೆ, ಆ ಭಾಗಕ್ಕೆ ಬೇರೆಯೇ ಆಯುಷ್ಯ ಲೆಕ್ಕ ಹಾಕಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವ ಈ ಸಾಲು ಮನೆಯಲ್ಲಿ ಕಂಪ್ಯೂಟರ್ ಕಟ್ಟುವವನಿಗೆ ಬಹಳ ಉಪಕಾರಿ. ಪೆಟ್ಟಿಗೆ ಒಂದೇ ಆದರೂ ಒಳಗಿನ ಏಳೆಂಟು ವಸ್ತುಗಳು ಒಂದೇ ದಿನ ಮುದುಕಾಗುವುದಿಲ್ಲ.

ಬೇರೆ ಬೇರೆ ಕಂಪನಿಯ ಭಾಗಗಳು ಒಂದಕ್ಕೊಂದು ಕೂಡಿಕೊಳ್ಳುವುದಾದರೂ ಹೇಗೆ? ಮದರ್‌ಬೋರ್ಡಿನ ಅಳತೆ, ಸ್ಕ್ರೂ ತೂತುಗಳ ಜಾಗ, ವಿದ್ಯುತ್ ಜೋಡಣೆ ಇವಕ್ಕೆಲ್ಲ ಎಟಿಎಕ್ಸ್ ಎಂಬ ಒಂದು ಕಟ್ಟಳೆಯನ್ನು ಇಂಟೆಲ್ ಕಂಪನಿ 1995ರಲ್ಲಿ ತಂದಿತು. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಅದು ಇಂದಿಗೂ ನಡೆಯುತ್ತಿದೆ. ಆದ್ದರಿಂದ ಒಳ್ಳೆಯ ಕ್ಯಾಬಿನೆಟ್ ಒಂದನ್ನು ಕೊಂಡರೆ ಒಳಗಿನ ಪ್ರೊಸೆಸರ್ ಎರಡು ಸಲ ಬದಲಾದರೂ ಅದು ಉಳಿಯುತ್ತದೆ. ಮಾನಿಟರ್, ಕೀಬೋರ್ಡ್ ಕೂಡ ಹಾಗೆಯೇ. ಗ್ರಾಫಿಕ್ಸ್ ಕಾರ್ಡು ಮಾತ್ರ ಕೆಡದೆ ಇದ್ದರೂ ಮೂರು ನಾಲ್ಕು ವರ್ಷದಲ್ಲಿ ಹೊಸ ಆಟಗಳ ಮುಂದೆ ಏದುಸಿರು ಬಿಡುತ್ತದೆ. ನಮ್ಮ ಹುಡುಗರ ಪಟ್ಟಿ ನೋಡಿದರೆ ಇದಕ್ಕೆ ತಲೆಕೆಳಗು: ಹಣದ ಸಿಂಹಪಾಲು ಕಾರ್ಡಿಗೆ, ಕೊನೆಗೆ ಉಳಿದ ಚಿಲ್ಲರೆ ಎಸ್‌ಎಂಪಿಎಸ್‌ಗೆ.

ಈ ಎಸ್‌ಎಂಪಿಎಸ್ ವಿಷಯದಲ್ಲೇ ನನ್ನ ದೊಡ್ಡ ತಕರಾರು. ಗೋಡೆಯಿಂದ ಬರುವ ಕರೆಂಟನ್ನು ಎಲ್ಲ ಭಾಗಗಳಿಗೆ ಬೇಕಾದ ಹದಕ್ಕೆ ಇಳಿಸಿ ಹಂಚುವುದು ಇದರ ಕೆಲಸ. ಅಡಿಗೆಯವ ಕೆಟ್ಟರೆ ಇಡೀ ಪಂಕ್ತಿಗೇ ತೊಂದರೆ ಎಂಬಂತೆ, ಇದು ಸುಡುವಾಗ ಒಂಟಿಯಾಗಿ ಸುಡುವುದಿಲ್ಲ. ಕೆಲವೊಮ್ಮೆ ಮದರ್‌ಬೋರ್ಡನ್ನೂ ಜತೆಗೆ ಕರೆದೊಯ್ಯುತ್ತದೆ. ಮೇಲೆ ‘80 ಪ್ಲಸ್’ ಎಂಬ ಚೀಟಿ ಇದ್ದರೆ ಕರೆಂಟು ಕಡಿಮೆ ಪೋಲಾಗುತ್ತದೆ ಎಂದಷ್ಟೇ ಅರ್ಥ. ಅತಿಯಾದ ಭಾರ ಬಿದ್ದಾಗ ತಾನಾಗಿ ನಿಲ್ಲುವ ರಕ್ಷಣೆ ಅದರಲ್ಲಿದೆಯೇ ಎಂಬುದನ್ನು ಬೇರೆಯೇ ವಿಚಾರಿಸಬೇಕು. ದುಬಾರಿ ವ್ಯಾಟುಗಳ ಹಿಂದೆ ಓಡುವುದೂ ಬೇಡ. 65 ವ್ಯಾಟಿನ ಪ್ರೊಸೆಸರು, 2021ರಲ್ಲಿ ಬಂದ ಆರ್‌ಎಕ್ಸ್ 6600ರಂಥ 132 ವ್ಯಾಟಿನ ಕಾರ್ಡು, ಉಳಿದ ಸಾಮಾನು ಎಲ್ಲ ಸೇರಿದರೂ 300 ವ್ಯಾಟಿನ ಒಳಗೇ. ಒಳ್ಳೆಯ ಹೆಸರಿನ 550 ವ್ಯಾಟಿನದು ಧಾರಾಳ ಸಾಕು. ಸುಮ್ಮನೆ ಒಂದು ಲೆಕ್ಕ ಇಟ್ಟುಕೊಳ್ಳಿ: 2,000 ರೂಪಾಯಿಯದು ಎರಡು ವರ್ಷ ಬಂದರೆ ವರ್ಷಕ್ಕೆ ಸಾವಿರ, 4,800 ರೂಪಾಯಿಯದು ಎಂಟು ವರ್ಷ ಬಂದರೆ ವರ್ಷಕ್ಕೆ 600. ಯಾವುದು ಅಗ್ಗ, ನೀವೇ ಹೇಳಿ. ಎಷ್ಟು ವರ್ಷ ಬಂದೀತೆಂದು ತಿಳಿಯುವುದು ಹೇಗೆ ಎಂದರೆ ವಾರಂಟಿ ನೋಡಿ. ತಯಾರಿಸಿದವನೇ ತನ್ನ ವಸ್ತುವಿನ ಮೇಲೆ ಒಂದೇ ವರ್ಷದ ಭರವಸೆ ಇಟ್ಟರೆ ನಾವು ಹತ್ತು ವರ್ಷದ ಭರವಸೆ ಯಾಕೆ ಇಡಬೇಕು? ಇನ್ನೊಂದು ವಿಷಯ: ಮನೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಶಿಯನ್‌ನಿಂದ ಒಮ್ಮೆ ನೋಡಿಸಿ. ಚಾಳಿನ ಹಳೆಯ ವಯರಿಂಗಿನಲ್ಲಿ ಮೂರನೆಯ ತೂತು ಎಷ್ಟೋ ಕಡೆ ಅಲಂಕಾರಕ್ಕೆ ಮಾತ್ರ.

ಇನ್ನು ಪರದೆ. ಯಾವ ಕಾರ್ಡು ಬೇಕೆಂದು ನಿರ್ಧರಿಸುವುದು ನಿಜವಾಗಿ ಪರದೆಯೇ. 1920 x 1080 ಅಳತೆಯ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳು. 4ಕೆ ಎಂದು ಕರೆಯುವುದರಲ್ಲಿ ಸರಿಯಾಗಿ ಅದರ ನಾಲ್ಕು ಪಟ್ಟು. ಸೆಕೆಂಡಿಗೆ 60 ಚಿತ್ರ ಬರಬೇಕೆಂದರೆ ಇಷ್ಟೂ ಚುಕ್ಕಿಗಳಿಗೆ ಒಂದು ಸೆಕೆಂಡಿನ ಅರುವತ್ತನೇ ಒಂದು ಭಾಗದೊಳಗೆ ಬಣ್ಣ ತುಂಬಬೇಕು. ಅಂದಮೇಲೆ ದೊಡ್ಡ ಪರದೆ ಕೊಂಡವನು ದೊಡ್ಡ ಕಾರ್ಡನ್ನೂ ಕೊಳ್ಳಬೇಕಾಗುತ್ತದೆ. ಆನೆ ಸಾಕಿದ ಮೇಲೆ ಕಬ್ಬಿನ ಖರ್ಚು ತಪ್ಪುವುದಿಲ್ಲ. ನಮ್ಮ ಬಜೆಟ್ಟಿಗೆ 1080ರ ಪರದೆಯೇ ಸರಿ. ಅದನ್ನು ಒಳ್ಳೆಯದೇ ಕೊಳ್ಳಿ. ಕಣ್ಣು ನಮ್ಮದು, ಅದಕ್ಕೆ ಬದಲಿ ಭಾಗ ಸಿಗುವುದಿಲ್ಲ.

ಕಾರ್ಡಿಲ್ಲದೆ ಚಿತ್ರ ಬರುವುದು ಹೇಗೆ? ಚಿತ್ರ ಬಿಡಿಸುವ ಶಕ್ತಿ ಒಳಗೇ ಇರುವ ಪ್ರೊಸೆಸರ್‌ಗಳಿವೆ. 2021ರಲ್ಲಿ ಬಂದ ರೈಝೆನ್ 5 5600ಜಿ ಅಂಥದು; 2024ರಲ್ಲಿ ಬಂದ 8600ಜಿ ಅದಕ್ಕಿಂತ ಬಲವಾದದ್ದು, ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಅಕ್ಷರ ಇದ್ದರೆ ಅದರೊಳಗೆ ಚಿತ್ರ ಬಿಡಿಸುವ ವ್ಯವಸ್ಥೆ ಇಲ್ಲ. ಕಾರ್ಡು ಹಾಕುವವರೆಗೆ ಪರದೆ ಕಪ್ಪು. ಈ ಒಂದು ಅಕ್ಷರ ಗೊತ್ತಿಲ್ಲದೆ ಕೊಂಡರೆ ಮನೆಗೆ ತಂದು ಸುಮ್ಮನೆ ನೋಡುತ್ತ ಕೂರಬೇಕಾದೀತು.

ಒಳಗೇ ಚಿತ್ರ ಬಿಡಿಸುವ ಪ್ರೊಸೆಸರ್‌ಗೆ ಸ್ವಂತ ನೆನಪಿನ ಕೋಶವಿಲ್ಲ, ರ‍್ಯಾಮಿನಿಂದಲೇ ಕಡ ತರುತ್ತದೆ. ಆದ್ದರಿಂದ 16 ಜಿಬಿಯ ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿ ಹಾಕಿ. ಒಟ್ಟು ಅಷ್ಟೇ ಆದರೂ ಎರಡು ಬಾಗಿಲಿನಿಂದ ಸಾಮಾನು ಸಾಗಿಸಿದಂತೆ ವೇಗ ಹೆಚ್ಚು. ಆಟದಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಸಂಗ್ರಹಕ್ಕೆ ಎಸ್‌ಎಸ್‌ಡಿ ಸಾಕು. ಅದರಲ್ಲಿ ಅತಿ ವೇಗದ್ದೇ ಬೇಕೆಂದು ಹೆಚ್ಚು ತೆರಬೇಡಿ. ಹಾರ್ಡ್ ಡಿಸ್ಕಿಗೂ ಎಸ್‌ಎಸ್‌ಡಿಗೂ ಅಜಗಜಾಂತರ. ಎಸ್‌ಎಸ್‌ಡಿಗೂ ಎಸ್‌ಎಸ್‌ಡಿಗೂ ಆಟ ತೆರೆಯುವ ಹೊತ್ತಿನಲ್ಲಿ ಇರುವುದು ಅಲ್ಪ ವ್ಯತ್ಯಾಸ.

ಇದನ್ನು ಹೇಳಿದಾಗ ಗೆಳೆಯನೊಬ್ಬ ನಕ್ಕುಬಿಟ್ಟ. “ನೀನೆಂತ ಮಾರಾಯ, ಕಾರ್ಡೇ ಇಲ್ಲದೆ ಗೇಮಿಂಗ್ ಪೀಸಿ ಅಂತೆ! ಕೋಳಿಯಿಲ್ಲದೆ ಕೋಳಿ ಸುಕ್ಕ ಮಾಡಿದ ಹಾಗಾಯ್ತು” ಅಂದ. ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ‘ವ್ಯಾಲೊರಂಟ್’, ‘ಜಿಟಿಎ 5’ರಂಥ ಆಟಗಳು ಸೆಟ್ಟಿಂಗ್ ತಗ್ಗಿಸಿದರೆ ಇದರಲ್ಲಿ ಆರಾಮವಾಗಿ ಓಡುತ್ತವೆ, ಆದರೆ 2020ರ ‘ಸೈಬರ್‌ಪಂಕ್ 2077’ರಂಥ ಭಾರೀ ಆಟಕ್ಕೆ ಈ ಪ್ರೊಸೆಸರ್ ತಿಣುಕುತ್ತದೆ. ಇನ್ನೊಂದು ಕೊರತೆಯೂ ಇದೆ. 5600ಜಿಯಲ್ಲಿ ಕ್ಯಾಶ್ ಎಂಬ ಒಳನೆನಪು 16 ಎಂಬಿ. ಚಿತ್ರಶಕ್ತಿ ಇಲ್ಲದ 5600ರಲ್ಲಿ 32. ಮುಂದೆ ಕಾರ್ಡು ಹಾಕಿದಾಗ ಕೆಲವು ಆಟಗಳಲ್ಲಿ ಎರಡನೆಯದು ಮುಂದೆ ಓಡುತ್ತದೆ. ಐವತ್ತು ಸಾವಿರ ಕೈಯಲ್ಲೇ ಇದ್ದು, ಭಾರೀ ಆಟವೇ ಆಡಬೇಕೆಂಬವನು 5600 ಮತ್ತು ಕಾರ್ಡನ್ನು ಒಟ್ಟಿಗೇ ಕೊಳ್ಳಲಿ, ನನ್ನ ಅಡ್ಡಿಯಿಲ್ಲ. ನಾನು ಹೇಳುತ್ತಿರುವುದು ಮೂವತ್ತೋ ಮೂವತ್ತೈದೋ ಸಾವಿರ ಹಿಡಿದು, ಉಳಿದದ್ದಕ್ಕೆ ಕಂತಿನ ಕಾಗದಕ್ಕೆ ಸಹಿ ಹಾಕಲು ಹೊರಟವನಿಗೆ.

ಕಂತಿನ ಬಗ್ಗೆಯೂ ಒಂದು ಮಾತು. ‘ನೋ ಕಾಸ್ಟ್ ಇಎಂಐ’ ಎಂಬ ಬೋರ್ಡು ನೋಡಿ ಮರುಳಾಗುವವರಲ್ಲಿ ನಮ್ಮ ಬಿ.ಕಾಂ. ತರಗತಿಯವರೇ ಇದ್ದಾರೆ, ಅದು ನಾಚಿಕೆಯ ಸಂಗತಿ! ಇದರಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಮಾರುವವನು ಅಷ್ಟೇ ಮೊತ್ತವನ್ನು ರಿಯಾಯಿತಿ ಎಂದು ಮೊದಲೇ ಇಳಿಸಿರುತ್ತಾನೆ. ಆದರೆ ಆ ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ ನಮ್ಮ ತಲೆಗೇ. ಬಡ್ಡಿ 3,800 ರೂಪಾಯಿ ಆಗಿದ್ದರೆ ತೆರಿಗೆ 684. ಪ್ರೊಸೆಸಿಂಗ್ ಶುಲ್ಕ ಇದ್ದರೆ ಅದು ಬೇರೆ. ನಗದಿಗೆ ಸಿಗಬಹುದಾಗಿದ್ದ ರಿಯಾಯಿತಿ ಹೋದದ್ದು ಇನ್ನೂ ಬೇರೆ. ಮೊತ್ತ ಸಣ್ಣದಿರಬಹುದು, ಆದರೆ ‘ಖರ್ಚಿಲ್ಲ’ ಎಂಬ ಮಾತು ಸುಳ್ಳಾಯಿತಷ್ಟೆ? ಕಂತು ತಪ್ಪಿದರೆ ಫೋನು ಬರುವುದು ನಮಗಲ್ಲ, ಕಾರ್ಡು ಯಾರ ಹೆಸರಿನಲ್ಲಿದೆಯೋ ಆ ಅಪ್ಪನಿಗೋ ಅಣ್ಣನಿಗೋ.

ಕಾದರೆ ಬೆಲೆ ಏರಿದರೆ ಏನು ಮಾಡುವುದು ಎಂಬ ಪ್ರಶ್ನೆ ನ್ಯಾಯವಾದದ್ದು. ಏರಿದ್ದೂ ಉಂಟು. 2020ರಿಂದ 2022ರವರೆಗೆ ಚಿಪ್ಪುಗಳ ಅಭಾವ ಮತ್ತು ಕ್ರಿಪ್ಟೋ ಗಣಿಗಾರಿಕೆಯಿಂದ ಕಾರ್ಡುಗಳು ಕೈಗೆ ಸಿಗದಾದವು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ತನ್ನ ಪದ್ಧತಿ ಬದಲಿಸಿದ ಮೇಲೆ ಅಂಥ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. 2025ರ ಕೊನೆಯ ತಿಂಗಳುಗಳಲ್ಲಿ ಏರಿದ್ದು ರ‍್ಯಾಮಿನ ಬೆಲೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿಯನ್ನು ಬಾಚಿಕೊಂಡವು. ಇವುಗಳಲ್ಲಿ ಯಾವುದನ್ನೂ ನಾವು ಮುಂಗಂಡಿರಲಿಲ್ಲ. ಆದುದರಿಂದಲೇ ಹೇಳುವುದು: ಭವಿಷ್ಯ ಊಹಿಸಿ ಸಾಲ ಮಾಡುವುದಕ್ಕಿಂತ, ಇಂದು ಬಳಕೆಗೆ ಬರುವಷ್ಟನ್ನು ಕೈಯಲ್ಲಿದ್ದ ಹಣದಿಂದ ಕೊಂಡು, ಮುಂದಿನ ಭಾಗಕ್ಕೆ ಜಾಗ ಬಿಡುವುದು ಕ್ಷೇಮ. ಬೋರ್ಡಿನಲ್ಲಿ ಖಾಲಿ ಸ್ಲಾಟ್ ಇರಲಿ, ಕ್ಯಾಬಿನೆಟ್ಟಿನಲ್ಲಿ ಗಾಳಿ ಆಡಲಿ, ಎಸ್‌ಎಂಪಿಎಸ್‌ಗೆ ಇನ್ನೂ ಹೊರುವ ಬಲ ಇರಲಿ. ಬೆಲೆ ಇಳಿದ ದಿನ ಕಾರ್ಡು ತಂದು ಸಿಕ್ಕಿಸಿದರಾಯಿತು.

ಕೊನೆಯದಾಗಿ ಅಂಗಡಿಯ ಮಾತು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ — ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ — ಸಾಲು ಸಾಲು ಅಂಗಡಿಗಳು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನಮ್ಮಂಥವರಿಗೆ ಅಲ್ಲಿ ಒಂದು ಅಳುಕು. ಪೆಟ್ಟಿಗೆಯ ಮೇಲಿನದೆಲ್ಲ ಇಂಗ್ಲಿಷು, ಮಾತು ಹಿಂದಿ ಗುಜರಾತಿ, ಹಿಂದೆ ನಿಂತವನಿಗೆ ಅವಸರ. ಮತ್ತೊಮ್ಮೆ ಕೇಳಿದರೆ ದಡ್ಡ ಅಂದುಕೊಳ್ಳುತ್ತಾರೇನೋ ಎಂದು ತಲೆಯಾಡಿಸಿಬಿಡುತ್ತೇವೆ. ಆ ತಲೆಯಾಡಿಕೆಗೆ ಬೆಲೆ ಇದೆ. ಒಂದು ಅಂಗಡಿಯಲ್ಲಿ ನಾನು ಬರೆದುಕೊಂಡು ಹೋದ ಎರಡು ಪಟ್ಟಿ ರ‍್ಯಾಮಿನ ಬದಲು ಒಂದನ್ನು ಕಟ್ಟಿಕೊಡಲು ನೋಡಿದರು, “ಸಬ್ ಸೇಮ್ ಹೈ” ಅಂದರು. ಚೀಟಿ ಮುಂದಿಟ್ಟು, ಎರಡೇ ಬೇಕು ಎಂದೆ. ಕೊಟ್ಟರು. ಅಷ್ಟೇ ಬೇಕಾದದ್ದು: ಮನೆಯಲ್ಲೇ ಕನ್ನಡದಲ್ಲಿ ಪಟ್ಟಿ ಬರೆದು, ಪ್ರತಿಯೊಂದರ ಮುಂದೆ ‘ಯಾಕೆ’ ಎಂದು ಒಂದು ಸಾಲು ಬರೆದುಕೊಂಡು ಹೋಗುವುದು. ಕಾರಣ ನಮ್ಮ ಭಾಷೆಯಲ್ಲಿ ಗೊತ್ತಿದ್ದರೆ ಯಾವ ಭಾಷೆಯಲ್ಲೂ ಚೌಕಾಸಿ ಮಾಡಬಹುದು. ಬಿಲ್ಲಿಲ್ಲದೆ ಕೊಂಡರೆ ತೆರಿಗೆ ಉಳಿಯುತ್ತದೆ ಎಂದರೆ ಒಪ್ಪಬೇಡಿ. ಬಿಲ್ಲಿಲ್ಲದೆ ವಾರಂಟಿ ಕೇಳಲು ಹೋದರೆ ಕೈಬೀಸಿ ಬರಬೇಕಾದೀತು.

ಮನೆಯಲ್ಲಿ ಮಾತ್ರ ನಿಜ ಹೇಳಿ. ‘ಓದಿಗೆ ಬೇಕು’ ಎಂದು ಹೇಳಿ ಹಣ ಪಡೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅದೇ ಪೆಟ್ಟಿಗೆಯಲ್ಲಿ ಟ್ಯಾಲಿಯೂ ಕಲಿಯಬಹುದು, ಈ ಪತ್ರಿಕೆಗೆ ಕನ್ನಡ ಟೈಪೂ ಮಾಡಬಹುದು, ಸರಿ. ಆದರೆ ಕೊಳ್ಳುವುದು ಆಟಕ್ಕೆ. ಆಟ ಆಡುವುದು ಅಪರಾಧವಲ್ಲ. ಎರಡು ಪಾಳಿ ದುಡಿಯುವ ಅಪ್ಪನಿಗೆ ಲೆಕ್ಕ ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ. ಅರ್ಧವನ್ನು ಮುಂದಿನ ವರ್ಷಕ್ಕೆ ಇಟ್ಟಿದ್ದೇನೆ ಎಂದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಗೆಳೆಯರು ತಮ್ಮ ತಮ್ಮ ಪಟ್ಟಿ ತೆಗೆದು ಒಮ್ಮೆ ನೋಡಲಿ. ವಸ್ತುವಿನ ಹೆಸರು ಒಂದು ಕಾಲಂ, ಬೆಲೆ ಇನ್ನೊಂದು. ಅದರ ಪಕ್ಕದಲ್ಲಿ ಮೂರನೆಯ ಗೆರೆ ಎಳೆದು, ಮೇಲೆ ‘ಎಷ್ಟು ವರ್ಷ?’ ಎಂದು ಬರೆಯಿರಿ. ಆ ಕಾಲಂ ತುಂಬಿದ ಮೇಲೆಯೂ ಪಟ್ಟಿ ಮೊದಲಿನಂತೆಯೇ ಉಳಿದರೆ, ಮುಂದಿನ ಕೂಟಕ್ಕೆ ತನ್ನಿ; ವಾದ ಮಾಡೋಣ.