ರಕ್ತ ಕಡಿಮೆ ಅಂದರು, ಹೋದದ್ದು ಎಲ್ಲಿಗೆ?

ಗಾಂಧಿ ಗಂಜಿನಲ್ಲಿ ತೊಗರಿ ಚೀಲ ಒಂದೆರಡು ಕಿಲೋ ಕಮ್ಮಿ ತೂಗಿದರೆ ಅಡತಿಯವರು ಸುಮ್ಮನಿರುತ್ತಾರೆಯೇ? ಚೀಲ ತಿರುವಿ ಇಲಿ ಕೊರೆದ ತೂತು ಹುಡುಕುತ್ತಾರೆ, ಹಮಾಲರನ್ನು ಕೇಳುತ್ತಾರೆ, ಮುನೀಮರನ್ನು ಕೇಳುತ್ತಾರೆ. ತೂತು ನೋಡದೆ ಮೇಲಿಂದ ಎರಡು ಕಿಲೋ ತುಂಬಿ ಬಾಯಿ ಹೊಲಿದುಬಿಡುವ ವ್ಯಾಪಾರಿ ಈ ಪೇಟೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಅದೇ ವ್ಯಾಪಾರಿ ತನ್ನ ಮೈಯ ವಿಷಯದಲ್ಲಿ ಮಾಡುವುದು ಮಾತ್ರ ಇದನ್ನೇ! ಸುಸ್ತು, ಏದುಸಿರು ಎಂದು ದವಾಖಾನೆಗೆ ಹೋದರೆ "ರಕ್ತ ಕಡಿಮೆ ಅದ" ಎನ್ನುತ್ತಾರೆ. ಕಬ್ಬಿಣಾಂಶದ ಗುಳಿಗೆ, ಒಂದು ಬಾಟಲಿ ಟಾನಿಕ್. ಎರಡು ತಿಂಗಳು ಕಳೆದರೆ ಮತ್ತೆ ಅದೇ ಪಾಡು. ಇದ್ದ ರಕ್ತ ಹೋದದ್ದು ಎಲ್ಲಿಗೆ ಎಂದು ಕೇಳಿದವರು ಯಾರು?

ಎಷ್ಟೋ ಸಲ ಆ ತೂತು ಹೊಟ್ಟೆಯೊಳಗೇ ಇರುತ್ತದೆ. ದಿನವೆಲ್ಲ ಚೀಲ ಹೊತ್ತ ಹಮಾಲ ಸಂಜೆ ಬೆನ್ನು ನೋವಿಗೆಂದು ಮೆಡಿಕಲ್ ಅಂಗಡಿಯ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗುತ್ತಾನೆ. ವರ್ಷಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಜಿನುಗಬಹುದು. ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರ ಕರುಳಿಗೆ ಕೊಕ್ಕೆಹುಳು ಸೇರಿ ರಕ್ತ ಹೀರುತ್ತದೆ. ಇನ್ನು ವಯಸ್ಸಾದವರ ದೊಡ್ಡಕರುಳಿನಲ್ಲಿ ಸಣ್ಣ ಗಂಟು ಬೆಳೆದು, ಕೆಲವರಲ್ಲಿ ಹತ್ತು ವರ್ಷದಷ್ಟು ಕಾಲಾವಧಿಯಲ್ಲಿ ಅದೇ ಕ್ಯಾನ್ಸರ್ ಆಗುತ್ತದೆ. ಇವೆಲ್ಲ ಸೋರಿಸುವ ರಕ್ತ ಮಲದಲ್ಲಿ ಬೆರೆತು ಹೋಗುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ.

ಕಾಣದ್ದನ್ನು ಕಾಣಿಸಲು ಒಂದು ಸಣ್ಣ ಪರೀಕ್ಷೆ ಇದೆ. ಚಿಟಿಕೆಯಷ್ಟು ಮಲ ಡಬ್ಬಿಯಲ್ಲಿ ಕೊಟ್ಟರೆ ಸಾಕು. ಸೂಜಿ ಇಲ್ಲ, ನೋವಿಲ್ಲ. ಹಳೆಯ ವಿಧಾನದಲ್ಲಿ ಮೂರು ದಿನ ಮಾಂಸ ಬಿಡಬೇಕು, ಮೂರು ಸಲ ಕೊಡಬೇಕು. ಹೊಸ ವಿಧಾನ ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ ಆ ಪಥ್ಯವೂ ಬೇಡ. ಆದರೆ ಅದು ಚೆನ್ನಾಗಿ ಹಿಡಿಯುವುದು ದೊಡ್ಡಕರುಳಿನ ರಕ್ತವನ್ನು. ಜಠರದ ಹುಣ್ಣಿನ ರಕ್ತ ತಪ್ಪಿಸಿಕೊಳ್ಳಬಹುದು. ಆದ್ದರಿಂದ ಯಾವ ಪರೀಕ್ಷೆ ಎಂಬುದನ್ನು ವೈದ್ಯರೇ ಬರೆಯಬೇಕು.

ಇದರಿಂದ ಪ್ರಯೋಜನವೇನು ಎನ್ನುವಿರಾ? ಅಮೆರಿಕದ ಮಿನ್ನೆಸೋಟಾದಲ್ಲಿ 46 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನದ ಫಲಿತಾಂಶ 1993ರಲ್ಲಿ ಹೊರಬಂತು. ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಂಡವರ ಗುಂಪಿನಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಸಾವು ಶೇಕಡಾ 33ರಷ್ಟು ಕಡಿಮೆಯಾಗಿತ್ತು. ಜಪಾನ್ 1992ರಲ್ಲೇ 40 ದಾಟಿದವರಿಗೆ ಇದನ್ನು ದೇಶದಾದ್ಯಂತ ಜಾರಿಗೆ ತಂದಿತು.

ನಮ್ಮಲ್ಲಿ? ಸರಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸೇರಿದೆ. ಕರುಳಿನದು ಸೇರಿಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಅಮೆರಿಕದಷ್ಟು ಇಲ್ಲ ಎಂಬುದು ನಿಜ. ಊರಿಗೆ ಊರೇ ಡಬ್ಬಿ ಹಿಡಿದು ನಿಲ್ಲಲಿ ಎಂದು ನಾವೂ ಹೇಳುತ್ತಿಲ್ಲ. ನಾವು ಕೇಳುವುದು ಇಷ್ಟೇ: 50ರ ಆಸುಪಾಸಿನ ಗಂಡಸಿಗೆ, ಮುಟ್ಟು ನಿಂತ ಹೆಣ್ಣುಮಗಳಿಗೆ ರಕ್ತ ಕಡಿಮೆ ಎಂದು ಗೊತ್ತಾದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ಬರೀ ಗುಳಿಗೆ ಕೊಟ್ಟು ಕಳಿಸಬೇಡಿ. ಸೋರಿಕೆ ಎಲ್ಲಿ ಎಂದು ಹುಡುಕಿ. ಬ್ರಿಮ್ಸ್ ಇರಲಿ, ಭಾಲ್ಕಿ, ಔರಾದ್‌ನ ತಾಲೂಕು ಆಸ್ಪತ್ರೆ ಇರಲಿ, ಇದು ರೂಢಿಯಾಗಬೇಕು.

ಇನ್ನೊಂದು ಮಾತು. ಮಲದಲ್ಲಿ ರಕ್ತವಿದೆ ಎಂದು ಚೀಟಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಮೂಲವ್ಯಾಧಿಯೂ ಇರಬಹುದು. ಅದನ್ನು ತೀರ್ಮಾನಿಸಲು ದುರ್ಬೀನು ಹಾಕಿ ಕರುಳು ನೋಡಬೇಕು. ಗಂಟು ಸಿಕ್ಕರೆ ಎಷ್ಟೋ ಸಲ ಅಲ್ಲೇ ತೆಗೆದುಬಿಡುತ್ತಾರೆ. ಆದ್ದರಿಂದ ಚೀಟಿ ಕೊಡುವಾಗಲೇ ದುರ್ಬೀನಿನ ತಾರೀಖನ್ನೂ ಕೊಡಬೇಕು. ಇಲ್ಲದಿದ್ದರೆ ಬಡವ ಹೆದರಿಕೆಯೊಂದನ್ನೇ ಕಟ್ಟಿಕೊಂಡು ಔರಾದ್ ಬಸ್ಸು ಹತ್ತುತ್ತಾನೆ. ಗಂಜಿನ ವ್ಯಾಪಾರಿಗಳೂ ಹಮಾಲರೂ ಕೂಡಿ ಶಿಬಿರ ಮಾಡಿಸುವುದಾದರೆ ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಲಿ.

ಜನರ ತಪ್ಪೂ ಇದೆ. ರಕ್ತ ಕಣ್ಣಿಗೆ ಕಂಡರೂ "ಖಾರ ಜಾಸ್ತಿ ತಿಂದೀನಿ, ಮೂಲವ್ಯಾಧಿ ಇರಬೇಕು ಬಿಡ್ರಿ" ಎಂದು ಗೋಡೆಯ ಮೇಲಿನ ಜಾಹೀರಾತಿನ ವೈದ್ಯನ ಹತ್ತಿರ ಓಡುತ್ತಾರೆ. ಕೆಂಪು ರಕ್ತ ಕಂಡವರು, ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ಹೋಗುವವರು, ಕಾರಣವಿಲ್ಲದೆ ತೂಕ ಇಳಿದವರು ಡಬ್ಬಿಯ ಪರೀಕ್ಷೆಗೂ ಕಾಯಬಾರದು. ನೇರ ದೊಡ್ಡ ದವಾಖಾನೆಗೆ ಹೋಗಬೇಕು. ನೋವಿನ ಗುಳಿಗೆ ನುಂಗುವ ಅಭ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಮಲದ ಮಾತು ಎತ್ತಲು ನಾಚಿಕೆ, ನಿಜ. ಆದರೆ ನಾಚಿಕೆಯಿಂದ ಕಳೆದ ಒಂದು ವರ್ಷಕ್ಕೆ ಮುಂದೆ ಹೈದರಾಬಾದಿನ ದವಾಖಾನೆಯಲ್ಲಿ ಹೊಲ ಮಾರಿ ಬಿಲ್ಲು ಕಟ್ಟಬೇಕಾದೀತು. ತೊಗರಿಯ ಸೋರಿಕೆ ಹುಡುಕುವ ಊರು ರಕ್ತದ ಸೋರಿಕೆ ಹುಡುಕಲಾರದೇ? ಆರೋಗ್ಯ ಇಲಾಖೆಯವರು ಇತ್ತ ಗಮನ ಕೊಡುವರೇ?