ಕೆಸರಿನ ದಾರಿಗೆ ಎಂತಹ ಲಾಕರು?

ಕಳೆದ ವರ್ಷ ಆಷಾಢದಲ್ಲಿ ನಾವು ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಹಳೆಯ ಶಿಷ್ಯರೊಬ್ಬರ ಅತಿಥಿಗಳಾಗಿದ್ದೆವು. ಒಂದು ರಾತ್ರಿ ಅವರ ವೃದ್ಧಮಾತೆಗೆ ಉಬ್ಬಸ ಹೆಚ್ಚಿತು. ಆಕೆಯನ್ನು ಹಳೆಯ ಜೀಪಿನಲ್ಲಿ ಕೂರಿಸಿಕೊಂಡು ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಎಡಬದಿಯ ಗಾಲಿಗಳೆರಡೂ ಚರಂಡಿಗಿಳಿದು ಬುಗುರಿಯಂತೆ ತಿರುಗತೊಡಗಿದುವು. ಗಟ್ಟಿ ನೆಲದ ಮೇಲಿದ್ದ ಬಲಗಾಲಿಗಳು ಅಲುಗಲೇ ಇಲ್ಲ. ಕಡೆಗೆ ತೋಟದ ಆಳುಗಳು ಆ ತಾಯಿಯನ್ನು ಕುರ್ಚಿಯ ಮೇಲೆ ಹೊತ್ತು ಡಾಂಬರು ರಸ್ತೆಗೆ ಮುಟ್ಟಿಸಿದರು. ದೈವಕೃಪೆಯಿಂದ ಗುಣವಾಯಿತು. “ಮೇಷ್ಟ್ರೇ, ಮತ್ತೆ ಮಳೆ ಹಿಡಿಯುವ ಮುನ್ನ ತಾನಾಗಿ ಕಚ್ಚುವ ಲಾಕರನ್ನು ಹಾಕಿಸಬೇಕೆಂದಿದ್ದೇನೆ. ಯಾವುದು ಲೇಸು?” ಎಂದು ಈಗ ಶಿಷ್ಯರು ಕೇಳಿದ್ದಾರೆ. ಬಲ್ಲವರಿಂದ ತಿಳಿದುದನ್ನು ವಾಚಕರೆಲ್ಲರ ಮುಂದೆಯೂ ಇಡುತ್ತೇವೆ.

ತಿರುವಿನಲ್ಲಿ ಹೊರಗಾಲಿಯು ಒಳಗಾಲಿಗಿಂತ ಹೆಚ್ಚು ದೂರ ಉರುಳಬೇಕು. ಅದಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್. ಅದು ಎರಡು ಗಾಲಿಗಳಿಗೂ ಬಲವನ್ನು ಸಮನಾಗಿ ಹಂಚುತ್ತದೆ. ದೋಷವೂ ಈ ಸಮಪಾಲಿನಲ್ಲಿಯೇ ಇದೆ: ಜಾರುವ ಗಾಲಿ ಎಷ್ಟು ಅಲ್ಪಬಲವನ್ನು ತಾಳಬಲ್ಲುದೋ ಅಷ್ಟೇ ಗಟ್ಟಿ ನೆಲದ ಗಾಲಿಗೂ ಸಲ್ಲುವುದು. ಲಾಕರು ಎರಡನ್ನೂ ಬಂಧಿಸಿ ಒಂದಾಗಿ ತಿರುಗಿಸುತ್ತದೆ.

ತಾನಾಗಿ ಕಚ್ಚುವ ಲಾಕರುಗಳನ್ನು ಮೂರು ಬಗೆಯಾಗಿ ಎಣಿಸಬಹುದು. ಮೊದಲನೆಯದು, ಇರುವ ಕವಚದೊಳಗಿನ ಚಿಕ್ಕ ಗೇರುಗಳನ್ನು ಮಾತ್ರ ತೆಗೆದು ಕೂಡಿಸತಕ್ಕದ್ದು. ಖರ್ಚು ಕಡಿಮೆ, ಆದರೆ ಹಳೆಯ ಕವಚದ ಬಲವೇ ಅದರ ಮೇರೆ. ಎರಡನೆಯದು, ಡೆಟ್ರಾಯಿಟ್ ಲಾಕರಿನಂತೆ ಕವಚಸಹಿತವಾಗಿ ಬದಲಾಯಿಸತಕ್ಕದ್ದು. ಬಲಿಷ್ಠ, ಆದರೆ ಗೇರುಗಳ ನಡುವಣ ಸಂದನ್ನು ಅಳೆದು ಕೂಡಿಸಬಲ್ಲ ನುರಿತ ಕೈ ಬೇಕು. ಇವೆರಡೂ ಸದಾ ಕಚ್ಚಿಕೊಂಡೇ ಇದ್ದು ತಿರುವಿನಲ್ಲಿ ಮಾತ್ರ ಹೊರಗಾಲಿಯನ್ನು ಬಿಡುತ್ತವೆ. ಆಗ ಟಕಟಕ ಸದ್ದೂ ಒಮ್ಮೊಮ್ಮೆ ಎಳೆತವೂ ಉಂಟು. ಮೂರನೆಯದು, ಸದಾ ಬಿಡುವಾಗಿದ್ದು ಎರಡು ಗಾಲಿಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತುಗಳ ಅಂತರ ಬಿದ್ದಾಗ ಮಾತ್ರ ಕಚ್ಚುವ ಈಟನ್ ಸಂಸ್ಥೆಯ ಮಾದರಿ. ಗಂಟೆಗೆ ಸುಮಾರು 32 ಕಿಲೋಮೀಟರಿಗೆ ಮೀರಿದ ವೇಗದಲ್ಲಿ ಅದು ಕಚ್ಚದು. 2015ರಲ್ಲಿ ಪರಿಷ್ಕರಿಸಿದ ಮಹೀಂದ್ರ ಥಾರ್ ಗಾಡಿಯ ಹಿಂದಿನ ಅಚ್ಚಿಗೆ ಈ ಬಗೆಯದನ್ನೇ ಕೂಡಿಸಿದ್ದರು.

ಲಾಕರಿದ್ದರೆ ಸಾಕೆಂದು ಭ್ರಮಿಸಬಾರದು. ಪಕ್ಕಕ್ಕೆ ಇಳಿಜಾರಾದ ಕೆಸರಿನಲ್ಲಿ ಬಂಧಿತವಾದ ಎರಡು ಗಾಲಿಗಳೂ ಒಟ್ಟಿಗೆ ಜಾರಿದರೆ ಗಾಡಿಯ ಹಿಂಭಾಗವೇ ಕಣಿವೆಯ ಕಡೆಗೆ ಸರಿದೀತು. ಲಾಕರಿಲ್ಲದಿದ್ದಲ್ಲಿ ನಿಂತ ಒಂದು ಗಾಲಿಯಾದರೂ ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಮುಂದಿನ ಅಚ್ಚಿಗೆ ಇಂಥದನ್ನು ಹಾಕಿದರೆ ನಾಲ್ಕು ಗಾಲಿಗಳೂ ದುಡಿಯುವಾಗ ಸ್ಟಿಯರಿಂಗು ಭಾರವಾಗುವುದು. ಆದುದರಿಂದ ಮೊದಲು ಹಿಂದಿನ ಅಚ್ಚಿಗೆ ಮಾತ್ರ ಹಾಕಿಸುವುದು ವಿವೇಕ. ಹಿಂದಿನ ಟೈರುಗಳೆರಡೂ ಒಂದೇ ಅಳತೆ, ಒಂದೇ ಸವೆತ, ಒಂದೇ ಗಾಳಿಯವಾಗಿರಬೇಕು. ಕೊಳ್ಳುವ ಮುನ್ನ ಅಚ್ಚಿನ ಮಾದರಿಯನ್ನೂ ಅದರ ತುದಿಯ ಹಲ್ಲುಗಳ ಸಂಖ್ಯೆಯನ್ನೂ ಬರೆದುಕೊಂಡು ಹೋಗಬೇಕು.

ನಮ್ಮ ಶಿಷ್ಯರ ಮನೆಯಲ್ಲಿ ಆ ಜೀಪನ್ನು ಅವರ ಪತ್ನಿಯೂ ನಡೆಸುತ್ತಾರೆ. ಮಕ್ಕಳನ್ನು ಶಾಲೆಗೆ ಬಿಡಲು ನಿತ್ಯವೂ ಘಟ್ಟದ ತಿರುವುಗಳನ್ನು ಇಳಿಯುತ್ತಾರೆ. ಚರಂಡಿಗೆ ಬೀಳುವುದು ವರ್ಷಕ್ಕೊಮ್ಮೆ, ತಿರುವು ದಿನಕ್ಕೆ ನೂರು ಸಲ. ಆದಕಾರಣ ತಮ್ಮ ಅಚ್ಚಿಗೆ ಹೊಂದುವುದು ಸಿಕ್ಕಿದರೆ ಮೂರನೆಯ ಬಗೆಯನ್ನೇ ಆರಿಸಿರೆಂದೂ, ಸಿಕ್ಕದಿದ್ದರೆ ಮೊದಲನೆಯದನ್ನು ಹಾಕಿಸಿ ಪತಿಪತ್ನಿಯರಿಬ್ಬರೂ ಕಾಫಿ ಒಣಗಿಸುವ ಕಣದಲ್ಲಿ ಅದರ ಗುಣವನ್ನು ಅರಿತ ಮೇಲೆಯೇ ರಸ್ತೆಗೆ ಇಳಿಯಿರೆಂದೂ ಬರೆದಿದ್ದೇವೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದೆವು: ಆ ಚರಂಡಿಯ ಅಂಚಿಗೆ ಈ ಬೇಸಗೆಯಲ್ಲಿಯೇ ಕಲ್ಲು ಕಟ್ಟಿಸಿಬಿಡಿ.